ಏರು ಬಂದರೆ ಸೋಲುವ ಹಳೆಯ ಎಕ್ಸೆಲ್: ಬೋರ್ ಮಾಡಿಸುವ ಮೊದಲು ಮಾಡಬೇಕಾದ ಕೆಲಸಗಳು

‘ಗಾಡಿ ಎಳೆಯುತ್ತಿಲ್ಲ, ಬೋರ್ ಮಾಡಿಸಿಬಿಡಲೇ?’ ಹಳೆಯ ಟೂ-ಸ್ಟ್ರೋಕ್ ಟಿವಿಎಸ್ ಎಕ್ಸೆಲ್ ಇಟ್ಟುಕೊಂಡವರು ಕೇಳುವುದು ಇದೊಂದೇ ಪ್ರಶ್ನೆ. ಬೋರ್ ಎಂದರೆ ಸವೆದ ಸಿಲಿಂಡರನ್ನು ತುಸು ದೊಡ್ಡದಾಗಿ ಕೊರೆಸಿ, ಅದಕ್ಕೆ ತಕ್ಕ ಹೊಸ ಪಿಸ್ಟನ್ ಕೂಡಿಸುವುದು. ಮುಧೋಳದ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡುವವರು, ಜಮಖಂಡಿ ಸುತ್ತಲಿನ ಕಬ್ಬಿನ ಹೊಲಗಳಿಗೆ ಗೊಬ್ಬರದ ಚೀಲ ಒಯ್ಯುವವರು, ಗುಳೇದಗುಡ್ಡದಿಂದ ಖಣದ ಗಂಟು ಹೇರಿಕೊಂಡು ಸಂತೆಗೆ ಹೋಗುವವರು, ಎಲ್ಲರದೂ ಅದೇ ದೂರು. ಸಪಾಟು ರಸ್ತೆಯಲ್ಲಿ ಹೇಗೋ ಓಡುತ್ತದೆ, ಸಣ್ಣ ಏರು ಬಂದರೆ ಇಳಿದು ತಳ್ಳಬೇಕು.

ಹೆಚ್ಚಿನವರಿಗೆ ನನ್ನ ಉತ್ತರ: ಬೋರ್ ಈಗಲೇ ಬೇಡ. ಶಕ್ತಿ ಕುಂದಿದ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಬಹುಪಾಲಿಗೆ ಸವೆದಿರುವುದು ಸಿಲಿಂಡರ್ ಅಲ್ಲ. ಕಟ್ಟಿಕೊಂಡ ಸೈಲೆನ್ಸರ್, ಪೂರ್ತಿ ತೆರೆಯದ ಕಾರ್ಬೊರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ), ಹಿಡಿದುಕೊಂಡ ಬ್ರೇಕ್ ಇವೇ ಕಾರಣ. ಈ ಮೂರೂ ಅರ್ಧ ದಿನದ ಕೆಲಸ, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗ್ಯಾರೇಜಿಗೆ ಹೋದ ಕೂಡಲೇ ಎಂಜಿನ್ ಬಿಚ್ಚುವ ಮಾತೇ ಮೊದಲು ಬರುತ್ತದೆ. ಹೊಸ ಪಿಸ್ಟನ್ ಕೂಡಿಸಿ, ಮಸಿ ತುಂಬಿದ ಹಳೆಯ ಸೈಲೆನ್ಸರನ್ನೇ ಮತ್ತೆ ಕಟ್ಟಿ ಕಳಿಸಿದ ಗಾಡಿಗಳೂ ಇವೆ. ಆದ್ದರಿಂದ ಈ ಲೇಖನದಲ್ಲಿ ಕೆಲಸಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ ಜೋಡಿಸಿದ್ದೇನೆ. ಈ ಕ್ರಮ ತಪ್ಪಿಸಬೇಡಿ. ಒಂದು ಹಂತ ಮುಗಿದ ಮೇಲೆ ಗಾಡಿ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ನಿರೀಕ್ಷೆ ಎಷ್ಟಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಎಕ್ಸೆಲ್ ಸೂಪರ್‌ನ ಎಂಜಿನ್ 69.9 ಸಿಸಿಯದು. ಹೊಸದಿದ್ದಾಗಲೇ ಅದರ ಶಕ್ತಿ ನಿಮಿಷಕ್ಕೆ 5000 ಸುತ್ತಿನಲ್ಲಿ ಸುಮಾರು ಮೂರೂವರೆ ಅಶ್ವಶಕ್ತಿ, ಅಷ್ಟೇ. ಕಳೆದುಹೋದದ್ದನ್ನು ಮರಳಿ ಪಡೆಯಬಹುದು, ಇಲ್ಲದ್ದನ್ನು ಸೇರಿಸಲಾಗದು. ನಲವತ್ತು ಲೀಟರಿನ ಎರಡು ಹಾಲಿನ ಕ್ಯಾನ್ ತುಂಬಿದರೆ ಹಾಲೇ ಎಂಬತ್ತು ಕಿಲೋ ದಾಟುತ್ತದೆ. ಅದರ ಮೇಲೆ ಕ್ಯಾನಿನ ತೂಕ, ನಿಮ್ಮ ತೂಕ, ಹಿಂದೆ ಕುಳಿತ ಮಗನ ತೂಕ. ಇಷ್ಟು ಹೇರಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡದ ಏರನ್ನು ಬೈಕಿನಂತೆ ಹತ್ತಬೇಕೆಂದರೆ ಯಾವ ಮೆಕ್ಯಾನಿಕ್‌ನಿಂದಲೂ ಆಗುವುದಿಲ್ಲ.

2015ರಲ್ಲಿ ಬಂದ ಎಕ್ಸೆಲ್ 100 ಫೋರ್-ಸ್ಟ್ರೋಕ್ ಗಾಡಿ. ಅದಕ್ಕೆ ಬ್ರೇಕು, ಚೈನು, ಏರ್ ಫಿಲ್ಟರ್, ಕ್ಲಚ್ಚಿನ ಮಾತು ಮಾತ್ರ ಅನ್ವಯಿಸುತ್ತವೆ. ಟಿವಿಎಸ್ 50, ಲೂನಾದಂಥ ಹಳೆಯ ಮೊಪೆಡ್ ಇದ್ದವರು ಇಲ್ಲಿಯ ಬಹುತೇಕ ಹಂತಗಳನ್ನು ಹಾಗೆಯೇ ಅನುಸರಿಸಬಹುದು.

ಟೂ-ಸ್ಟ್ರೋಕ್ ಬಗ್ಗೆ ಎರಡು ಮಾತು

ಈ ಎಂಜಿನ್‌ನಲ್ಲಿ ಫೋರ್-ಸ್ಟ್ರೋಕ್‌ನಲ್ಲಿರುವಂಥ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಇವಕ್ಕೆ ಪೋರ್ಟ್ ಎನ್ನುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ತಾನೇ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಪೆಟ್ಟಿಗೆಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಆಮೇಲೆ ಮೇಲೇರುತ್ತದೆ. ಬೇರಿಂಗಿಗೂ ಪಿಸ್ಟನ್ನಿಗೂ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಬಂದು, ಕೊನೆಗೆ ಅದರೊಂದಿಗೇ ಸುಡುತ್ತದೆ.

ಇದರಿಂದ ಎರಡು ಪರಿಣಾಮಗಳು. ಒಂದು, ಸುಟ್ಟ ಎಣ್ಣೆಯ ಮಸಿ ಹೊರಹೋಗುವ ದಾರಿಯಲ್ಲಿ ದಿನವೂ ಕಟ್ಟುತ್ತ ಹೋಗುತ್ತದೆ. ಎರಡು, ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಶಕ್ತಿ ಸೋರುತ್ತದೆ. ಮುಂದೆ ಹೇಳುವ ಅರ್ಧ ಕೆಲಸಗಳು ಈ ಎರಡರ ಸುತ್ತಲೇ ಇವೆ.

ಬೇಕಾಗುವ ಸಾಮಾನು

ಪಾನಾ ಸೆಟ್, ಸ್ಕ್ರೂಡ್ರೈವರ್, ಪ್ಲಗ್ ಪಾನಾ, ಫೀಲರ್ ಗೇಜ್ (ಸಂದಿನ ಅಳತೆ ನೋಡುವ ತೆಳು ಉಕ್ಕಿನ ಪಟ್ಟಿಗಳು), ಹಿತ್ತಾಳೆ ಬ್ರಷ್, ಚೂಪಾಗಿ ಕೆತ್ತಿದ ಬಿದಿರಿನ ಕಡ್ಡಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಹಳೆಯ ಹತ್ತಿ ಬಟ್ಟೆ, ಹೊಸ ಪ್ಲಗ್ ಒಂದು, ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಮತ್ತು ಸೈಲೆನ್ಸರಿನ ಹೊಸ ಗ್ಯಾಸ್ಕೆಟ್ (ಜೋಡಣೆ ಸೋರದಂತೆ ನಡುವೆ ಹಾಕುವ ತೆಳು ಪದರ). ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಸಾಧನ) ಇದ್ದರೆ ಒಳ್ಳೆಯದು. ಗ್ಯಾರೇಜಿನಲ್ಲಿ ಕೇಳಿದರೆ ಒಂದು ಗಂಟೆಯ ಮಟ್ಟಿಗೆ ಕೊಟ್ಟಾರು.

ಕೆಲಸ ಬಯಲಿನಲ್ಲಿ ಮಾಡಿ. ಪೆಟ್ರೋಲ್ ತೆರೆದಿಟ್ಟ ಜಾಗದಲ್ಲಿ ಬೀಡಿ, ಒಲೆ, ಉರಿಯುವ ದೀಪ ಯಾವುದೂ ಬೇಡ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುವ ರೂಢಿ ಬಿಡಿ.

ಮೊದಲು ರೋಗ ಯಾವುದೆಂದು ಗುರುತಿಸಿ

ಪಾನಾ ಹಿಡಿಯುವ ಮೊದಲು ಪರಿಚಯದ ಒಂದು ಏರನ್ನು ಆರಿಸಿಕೊಳ್ಳಿ. ನಿತ್ಯ ಹೇರುವ ಭಾರದೊಂದಿಗೆ ಅದನ್ನು ಹತ್ತಿಸಿ, ಎಲ್ಲಿ ಸೋಲುತ್ತದೆ ಎಂದು ಗುರುತು ಮಾಡಿಕೊಳ್ಳಿ: ಇಂಥ ಕಂಬ, ಇಂಥ ಮರ. ಪ್ರತಿ ಹಂತ ಮುಗಿದ ಮೇಲೂ ಅದೇ ಏರು, ಅದೇ ಭಾರ. ‘ಈಗ ಸ್ವಲ್ಪ ಹಗುರವಾದಂತಿದೆ’ ಎಂಬ ಅನಿಸಿಕೆಗಿಂತ ಆ ಕಂಬದ ಸಾಕ್ಷಿ ಗಟ್ಟಿ.

ಸೋಲುವಾಗ ಎಂಜಿನ್ ಸದ್ದನ್ನು ಗಮನಿಸಿ. ಎಂಜಿನ್ ಜೋರಾಗಿ ಕೂಗುತ್ತಿದ್ದರೂ ಗಾಡಿ ಮುಂದೆ ಹೋಗದಿದ್ದರೆ ಎಂಜಿನ್ ಸರಿಯಾಗಿಯೇ ಇದೆ, ಕ್ಲಚ್ ಜಾರುತ್ತಿದೆ. ನೇರವಾಗಿ 8ನೇ ಹಂತಕ್ಕೆ ಹೋಗಿ. ರೇಸ್ ಪೂರ್ತಿ ಕೊಟ್ಟರೂ ಎಂಜಿನ್ ಮೇಲೇಳದೆ ಗುಂಯ್‌ಗುಟ್ಟುತ್ತಿದ್ದರೆ ಸೈಲೆನ್ಸರ್, ಏರ್ ಫಿಲ್ಟರ್ ಅಥವಾ ಕಾರ್ಬೊರೇಟರ್. ಎರಡು ಮೂರು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಉಸಿರು ಕಟ್ಟಿದಂತೆ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆದರೆ ಪೆಟ್ರೋಲ್ ಬರುವ ದಾರಿ ಕಟ್ಟಿದೆ, ಇಲ್ಲವೇ ಬಿಸಿಯಾದಾಗ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಶನ್ ಕಾಯಿಲ್ ಸೋಲುತ್ತಿದೆ. ಬೆಳಿಗ್ಗೆ ತಣ್ಣಗಿದ್ದಾಗ ಪರವಾಗಿಲ್ಲ, ಬಿಸಿಯಾದಂತೆ ದಿನೇ ದಿನೇ ಕುಗ್ಗುತ್ತಿದೆ ಎಂದಾದರೆ ಮಾತ್ರ ಪಿಸ್ಟನ್ ಮತ್ತು ಅದರ ಸುತ್ತಲಿನ ರಿಂಗಿನ ಮೇಲೆ ಅನುಮಾನ ಪಡಬಹುದು.

ಹಂತ 1: ಉರುಳುವುದಕ್ಕೆ ಅಡ್ಡಿ ಇದೆಯೇ?

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ. ಮುಂದಿನದನ್ನೂ ಎತ್ತಿ ತಿರುಗಿಸಿ. ಎರಡೂ ಸಲೀಸಾಗಿ ಸುತ್ತಬೇಕು. ‘ಸರ್ರ್’ ಎಂದು ಉಜ್ಜುವ ಸದ್ದು ಬಂದು ಬೇಗ ನಿಂತರೆ ಬ್ರೇಕ್ ಹಿಡಿದಿದೆ. ಕೇಬಲ್ ಬಿಗಿಯಾಗಿರಬಹುದು. ಇಲ್ಲವೇ ಬ್ರೇಕ್ ಶೂ ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಮರಳಿ ಬರುತ್ತಿಲ್ಲ. ಕ್ಯಾಮ್ ಬಿಚ್ಚಿ ಒರೆಸಿ, ಗ್ರೀಸ್ ಸವರಿ ಕೂಡಿಸಿ. ಗ್ರೀಸ್ ಶೂವಿಗೆ ತಾಗದಂತೆ ನೋಡಿಕೊಳ್ಳಿ. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಟೈರಿನ ಗಾಳಿ ಕೈಪಿಡಿಯಲ್ಲಿ ಬರೆದಷ್ಟಿರಲಿ. ಹೆಬ್ಬೆರಳಿನಿಂದ ಒತ್ತಿ ನೋಡಿ ‘ಸಾಕು’ ಎನ್ನುವುದು ಅಳತೆಯಲ್ಲ. ಚೈನ್ ಒಣಗಿ ಕೆಂಪಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಬಿಡಿ. ಎಳೆದು ಬಿಗಿದ ಚೈನ್ ಸಡಿಲ ಚೈನಿಗಿಂತ ಕೆಟ್ಟದ್ದು, ಅದು ಬೇರಿಂಗನ್ನೂ ತಿನ್ನುತ್ತದೆ.

ಹಂತ 2: ಗಾಳಿ

ಏರ್ ಫಿಲ್ಟರಿನ ಡಬ್ಬಿ ತೆಗೆಯಿರಿ. ಸ್ಪಂಜಿನ ಫಿಲ್ಟರ್ ಆಗಿದ್ದರೆ ಸೋಪಿನ ನೀರಿನಲ್ಲಿ ಹಿಂಡಿ ಹಿಂಡಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಎಣ್ಣೆ ಸವರಿ, ಹೆಚ್ಚಾದದ್ದನ್ನು ಹಿಂಡಿ ಕೂಡಿಸಿ. ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದಾಗಿದ್ದರೆ ಹೊಸದೇ ಬೇಕು. ಕಾಗದದ ಫಿಲ್ಟರ್ ತೊಳೆಯುವಂಥದ್ದಲ್ಲ, ಬದಲಿಸುವಂಥದ್ದು. ನಮ್ಮ ಕಡೆ ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಬಿಳಿಜೋಳದ ರಾಶಿಯ ಕಾಲದಲ್ಲಿ, ಕಬ್ಬು ಸಾಗಿಸುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿದರೂ ಹೆಚ್ಚಲ್ಲ.

ಫಿಲ್ಟರ್ ತೆಗೆದಿಟ್ಟು ಓಡಿಸಿದರೆ ಪಿಕಪ್ ಬರುತ್ತದೆ ಎಂದು ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಮೊದಲ ವಾರ ಹಾಗೆನಿಸಬಹುದು. ಆದರೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ, ಧೂಳು ಪಿಸ್ಟನ್ನನ್ನು ಉಜ್ಜಿ ಹಾಕುತ್ತದೆ. ಬೇಡವಾಗಿದ್ದ ಬೋರ್ ಖರ್ಚು ಆಗ ನಿಜವಾಗಿಯೂ ಬರುತ್ತದೆ.

ಹಂತ 3: ರೇಸ್ ಕೇಬಲ್

ಇದನ್ನು ಯಾರೂ ನೋಡುವುದಿಲ್ಲ. ಎಂಜಿನ್ ಆರಿಸಿ, ಫಿಲ್ಟರ್ ತೆಗೆದ ಸ್ಥಿತಿಯಲ್ಲೇ ಕಾರ್ಬೊರೇಟರಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಮೇಲೆ ಕೆಳಗೆ ಸರಿಯುವ ಕೊಳವೆಯಂಥ ತುಂಡು ಕಾಣುತ್ತದೆ. ಅದು ಸ್ಲೈಡ್. ಇನ್ನೊಬ್ಬರಿಗೆ ಹ್ಯಾಂಡಲ್ ಪೂರ್ತಿ ತಿರುಗಿಸಲು ಹೇಳಿ. ಸ್ಲೈಡ್ ಸಂಪೂರ್ಣ ಮೇಲೇರಿ ಬಾಯಿ ಪೂರ್ತಿ ತೆರೆಯಬೇಕು. ಹಳೆಯ ಗಾಡಿಗಳಲ್ಲಿ ಕೇಬಲ್ ಹಿಗ್ಗಿಯೋ, ಹ್ಯಾಂಡಲಿನೊಳಗಿನ ಪ್ಲಾಸ್ಟಿಕ್ ಸವೆದೋ ಮುಕ್ಕಾಲು ಭಾಗ ಮಾತ್ರ ತೆರೆಯುತ್ತದೆ. ಅಂದರೆ ನೀವು ಫುಲ್ ರೇಸ್ ಎಂದುಕೊಂಡದ್ದು ಫುಲ್ ಅಲ್ಲವೇ ಅಲ್ಲ. ಅಡ್ಜಸ್ಟರ್ ತಿರುಗಿಸಿ ಸಡಿಲ ತೆಗೆಯಿರಿ, ಆಗದಿದ್ದರೆ ಹೊಸ ಕೇಬಲ್ ಹಾಕಿ. ಸ್ವಲ್ಪ ಸಡಿಲ ಉಳಿಸಲೇಬೇಕು. ಇಲ್ಲದಿದ್ದರೆ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ರೇಸ್ ತಾನಾಗಿ ಏರುತ್ತದೆ, ಅದು ಅಪಾಯ.

ಚೋಕ್ ಪೂರ್ತಿ ಮರಳಿ ಬರುತ್ತಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ಹಂತ 4: ಪೆಟ್ರೋಲ್ ಮತ್ತು ಎಣ್ಣೆ

ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಪೆಟ್ರೋಲ್ ಇಳಿದಂತೆ ಅದರಿಂದ ಗಾಳಿ ಒಳಬರಬೇಕು. ಧೂಳು ಎಣ್ಣೆ ಸೇರಿ ಅದು ಮುಚ್ಚಿಕೊಂಡರೆ ಪೆಟ್ರೋಲ್ ಇಳಿಯುವುದಿಲ್ಲ. ಗಾಡಿ ನಿಂತಾಗ ಮುಚ್ಚಳ ತೆರೆದು ನೋಡಿ. ‘ಸುಸ್’ ಎಂದು ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಚಾಲೂ ಆದರೆ ಕಳ್ಳ ಸಿಕ್ಕಂತೆ.

ನಂತರ ನಲ್ಲಿಯ ಪೈಪ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ಬಿಡಿ. ಧಾರೆ ಕಡಿಯದೆ ಬರಬೇಕು. ಬಾಟಲಿಯನ್ನು ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟು ತಳ ನೋಡಿ. ತುಕ್ಕಿನ ಪುಡಿಯಿದ್ದರೆ ಟ್ಯಾಂಕ್ ತೊಳೆಸಬೇಕು. ತಳದಲ್ಲಿ ಬೇರೆಯಾದ ಪದರ ಅಥವಾ ಗುಳ್ಳೆಯಂತೆ ಹೊರಳುವ ಹನಿಗಳಿದ್ದರೆ ಅದು ನೀರು.

ಈ ನೀರಿನ ವಿಷಯಕ್ಕೆ ಈಗ ಮೊದಲಿಗಿಂತ ಮಹತ್ವ ಬಂದಿದೆ. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಇಂದು ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳೂ ತಯಾರಿಸುವ ಎಥೆನಾಲ್ ಅದು. ನೀವು ಬೆಳೆದ ಕಬ್ಬೇ ಸುತ್ತಿ ಬಂದು ನಿಮ್ಮ ಟ್ಯಾಂಕ್ ಸೇರಿರಲೂಬಹುದು! ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಹಳೆಯ ಕಾರ್ಬೊರೇಟರ್ ಇದನ್ನು ತಾನಾಗಿ ಸರಿದೂಗಿಸಿಕೊಳ್ಳುವುದಿಲ್ಲ. ಹೀಗಾಗಿ ಮಿಶ್ರಣ ಸ್ವಲ್ಪ ‘ಲೀನ್’ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಶಕ್ತಿಯಲ್ಲಿ ತುಸು ಇಳಿಕೆ, ಬಿಸಿಯಲ್ಲಿ ತುಸು ಏರಿಕೆ. ಹಳೆಯ ರಬ್ಬರ್ ಪೈಪು, ವಾಷರುಗಳು ಮೆತ್ತಗಾಗುವುದೂ ಇದರಿಂದಲೇ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಖಾಲಿ ಮಾಡಿ ನಿಲ್ಲಿಸಿ.

ಎಣ್ಣೆಯ ಲೆಕ್ಕ: ಲೀಟರ್ ಪೆಟ್ರೋಲಿಗೆ ಸಾಮಾನ್ಯವಾಗಿ 20 ಮಿಲಿಲೀಟರ್ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ), ಮೂರು ಲೀಟರಿಗೆ 60. ನಿಮ್ಮ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ‘ಭಾರ ಹೇರುತ್ತೇನೆ, ಇನ್ನಷ್ಟು ಇರಲಿ’ ಎಂದು ಕಣ್ಣಳತೆಯಲ್ಲಿ ಸುರಿಯುವವರು ಬಹಳ. ಎಣ್ಣೆ ಹೆಚ್ಚಿದಷ್ಟೂ ಕಾರ್ಬೊರೇಟರಿನ ಅದೇ ಸಣ್ಣ ತೂತಿನಿಂದ (ಜೆಟ್) ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಮಸಿ ಹೆಚ್ಚಾಗುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಆಯಿಲ್ ಹಾಕುವುದಂತೂ ಎಂಜಿನ್ನಿಗೆ ವಿಷ ಹಾಕಿದಂತೆ.

ಹಂತ 5: ಪ್ಲಗ್

ಏರು ಹತ್ತಿಸಿದ ಕೂಡಲೇ ಎಂಜಿನ್ ಆರಿಸಿ, ಸ್ವಲ್ಪ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ತಿಳಿ ಕಂದು ಬಣ್ಣವಿದ್ದರೆ ದಹನ ಸರಿಯಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚು, ಇಲ್ಲವೇ ಕಿಡಿ ದುರ್ಬಲ. ಬೂದಿಯಂತೆ ಬೆಳ್ಳಗಿದ್ದರೆ ಎಚ್ಚರ: ಮಿಶ್ರಣ ಲೀನ್ ಆಗಿ ಎಂಜಿನ್ ಕಾಯುತ್ತಿದೆ. ಹೀಗೆಯೇ ಭಾರ ಹೇರಿ ಓಡಿಸಿದರೆ ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಸೀಜ್ ಆಯಿತು ಎನ್ನುವುದು ಇದಕ್ಕೇ.

ತುದಿಯ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಪ್ಲಗ್ ಕೊಳ್ಳುವಾಗ ಅದರ ಮೇಲಿನ ಸಂಖ್ಯೆ ಹೋಲಿಸಿ. ಚೂಡಿ (ಥ್ರೆಡ್) ಕೂಡಿತೆಂದು ಯಾವುದೋ ಪ್ಲಗ್ ಹಾಕಿದರೆ ಅದರ ಉದ್ದವೋ, ಬಿಸಿ ತಡೆಯುವ ಗುಣವೋ ಬೇರೆಯಾಗಿರುತ್ತದೆ. ಪ್ಲಗ್ ಕ್ಯಾಪ್ ಸಡಿಲವಾಗಿದ್ದರೆ, ವೈರ್ ಬಿರುಕು ಬಿಟ್ಟಿದ್ದರೆ ಅವನ್ನೂ ಬದಲಿಸಿ. ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕದ ತುದಿಗಳು) ಇರುವ ತೀರಾ ಹಳೆಯ ಮಾದರಿಯಾದರೆ ಪಾಯಿಂಟಿನ ಸಂದನ್ನು ಬಲ್ಲವರಿಂದ ಹೊಂದಿಸಿ.

ಹಂತ 6: ಸೈಲೆನ್ಸರ್ ಮತ್ತು ಎಗ್ಸಾಸ್ಟ್ ಪೋರ್ಟ್

ಈ ಲೇಖನದಲ್ಲಿ ಒಂದನ್ನೇ ಓದಿ ಉಳಿದದ್ದನ್ನು ಬಿಡುವುದಾದರೆ, ಇದನ್ನು ಓದಿ.

ಹೊಗೆ ಹೊರಹೋಗದಿದ್ದರೆ ಹೊಸ ಮಿಶ್ರಣ ಒಳಬರುವುದಿಲ್ಲ. ಹೊಗೆಗೂಡು ಮುಚ್ಚಿದ ಒಲೆಗೆ ಎಷ್ಟು ಸೌದೆ ತುರುಕಿದರೂ ಉರಿ ಏಳದಂತೆ. ಮಸಿ ಎರಡು ಕಡೆ ಕಟ್ಟುತ್ತದೆ: ಸೈಲೆನ್ಸರಿನ ಹಿಂತುದಿಯಲ್ಲಿರುವ ರಂಧ್ರಗಳ ಕೊಳವೆಯಲ್ಲಿ (ಬ್ಯಾಫಲ್) ಮತ್ತು ಸಿಲಿಂಡರಿನ ಹೊರಗಿಂಡಿಯಲ್ಲಿ (ಎಗ್ಸಾಸ್ಟ್ ಪೋರ್ಟ್).

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ. ನಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಲ ಹಾಕಿದರೆ ಸ್ಟಡ್ ಮುರಿದು ಸಿಲಿಂಡರಿನಲ್ಲೇ ಉಳಿಯುತ್ತದೆ, ಅದನ್ನು ತೆಗೆಸಲು ಲೇತಿಗೆ ಹೋಗಬೇಕಾಗುತ್ತದೆ. ಬ್ಯಾಫಲ್ ಬಿಚ್ಚುವಂಥದ್ದಾದರೆ ಹಿಂತುದಿಯ ಸ್ಕ್ರೂ ತೆಗೆದು ಇಕ್ಕಳದಿಂದ ತಿರುಚುತ್ತ ಎಳೆಯಿರಿ. ಚೆನ್ನಾಗಿ ಕಟ್ಟಿಕೊಂಡ ಬ್ಯಾಫಲ್ ಕೈಗೆ ಬಂದಾಗ ರಂಧ್ರಗಳೇ ಕಾಣುವುದಿಲ್ಲ. ಡಾಂಬರಿನಂಥ ಕರಿ ಪದರ, ಅದರ ಕೆಳಗೆ ಕಲ್ಲಾದ ಮಸಿ, ಬೆರಳು ತಾಗಿದರೆ ಮೂರು ದಿನ ಹೋಗದ ವಾಸನೆ.

ಸ್ವಚ್ಛ ಮಾಡಲು ಎರಡು ದಾರಿ. ಕುಳ್ಳಿನ ಕೆಂಡದಲ್ಲಿ ಬ್ಯಾಫಲ್ಲನ್ನು ಕಾಯಿಸಿದರೆ ಮಸಿ ಸುಟ್ಟು ಬೂದಿಯಾಗುತ್ತದೆ. ತಾನಾಗಿ ತಣ್ಣಗಾದ ಮೇಲೆ ತಟ್ಟಿ, ಬ್ರಷ್ ಹಾಕಿ. ಹೊಗೆ ವಿಪರೀತ, ಮನೆಯಿಂದ ದೂರ ಮಾಡಿ, ಗಾಳಿ ಬರುವ ಕಡೆಗೆ ನಿಲ್ಲಿ. ಇಡೀ ಸೈಲೆನ್ಸರ್ ಕಾಯಿಸಿದರೆ ಮೇಲಿನ ಹೊಳಪು ಹೋಗುತ್ತದೆ, ತೆಳುವಾದ ತಗಡು ತೂತು ಬೀಳಲೂಬಹುದು. ಇನ್ನೊಂದು ದಾರಿ, ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯುವುದು. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಪಾತ್ರೆ ಅಲ್ಯುಮಿನಿಯಮ್ಮಿನದಾಗಿರಬಾರದು, ಎಂಜಿನ್ನಿನ ಅಲ್ಯುಮಿನಿಯಮ್ ಭಾಗಗಳನ್ನೂ ಇದರಲ್ಲಿ ಹಾಕಬಾರದು. ಅಲ್ಯುಮಿನಿಯಮ್ ಕರಗುತ್ತದೆ. ಮಕ್ಕಳು, ದನಕರು ಓಡಾಡುವಲ್ಲಿ ಇದನ್ನು ಇಡಲೇಬೇಡಿ.

ಪೋರ್ಟಿನ ಕೆಲಸಕ್ಕೆ ಹೆಡ್ ಬಿಚ್ಚಿ. ಪಿಸ್ಟನ್ನನ್ನು ತೀರಾ ಕೆಳಗಿಳಿಸಿ. ಬಿದಿರಿನ ಕಡ್ಡಿಯಿಂದ ಕಿಂಡಿಯ ಸುತ್ತಲಿನ ಮಸಿಯನ್ನು ಹೊರಗಿನಿಂದ ಕೆರೆದು ತೆಗೆಯಿರಿ. ಒಳಗೆ ಬಿದ್ದ ಚೂರುಗಳನ್ನು ಬಟ್ಟೆಯಿಂದ ಎತ್ತಿ, ಸೈಕಲ್ ಪಂಪಿನಿಂದ ಊದಿ. ಪಿಸ್ಟನ್ನಿನ ನೆತ್ತಿ, ಹೆಡ್ಡಿನ ಒಳಮೈ ಎರಡನ್ನೂ ಹಾಗೆಯೇ ಸ್ವಚ್ಛ ಮಾಡಿ. ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಅಲ್ಯುಮಿನಿಯಮ್ಮಿನ ಮೇಲೆ ಬಿದ್ದ ಗೀರು ಹೋಗುವುದಿಲ್ಲ, ಮುಂದೆ ಮಸಿ ಅಲ್ಲೇ ಹಿಡಿಯುತ್ತದೆ.

ಹೆಡ್ ಕೂಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ಓರೆಯಾಗಿ ಎದುರುಬದುರಿನಂತೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಹೆಡ್ ಸೊಟ್ಟಾಗುತ್ತದೆ. ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಪಾನಾ ಹಾಕಿ ನೋಡಿ. ಸಿಲಿಂಡರಿನ ರೆಕ್ಕೆಗಳ ನಡುವೆ ಕೆಸರು ಒಣಗಿ ಕೂತಿದ್ದರೆ ಅದನ್ನೂ ಇದೇ ಕೈಯಲ್ಲಿ ತೆಗೆದುಬಿಡಿ, ಎಂಜಿನ್ ತಂಪಾಗುವುದು ಆ ರೆಕ್ಕೆಗಳಿಂದಲೇ.

ಬ್ಯಾಫಲ್ ತೆಗೆದೇ ಓಡಿಸುವುದು, ಸೈಲೆನ್ಸರಿಗೆ ತೂತು ಕೊರೆಯುವುದು ಎರಡೂ ಬೇಡ. ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರಿನೊಳಗಿನ ಒತ್ತಡ ಒಂದು ಮಟ್ಟಕ್ಕೆ ಬೇಕು. ಅದಿಲ್ಲದಿದ್ದರೆ ಸುಡದ ಪೆಟ್ರೋಲ್ ನೇರ ಹೊರಗೆ ಹೋಗುತ್ತದೆ. ಸದ್ದು ದೊಡ್ಡದಾಗುತ್ತದೆ, ಎಳೆಯುವ ಬಲ ಇಳಿಯುತ್ತದೆ, ಆವರೇಜ್ ಹಾಳಾಗುತ್ತದೆ, ಪೊಲೀಸರ ದಂಡ ಬೇರೆ.

ಹಂತ 7: ಕಾರ್ಬೊರೇಟರ್

ಪೆಟ್ರೋಲ್ ಬಂದ್ ಮಾಡಿ, ಕೆಳಗಿನ ಬಟ್ಟಲನ್ನು ಬಿಚ್ಚಿ. ಮೇನ್ ಜೆಟ್ (ಪೂರ್ತಿ ರೇಸಿನಲ್ಲಿ ಪೆಟ್ರೋಲ್ ಹಾಯುವ ಹಿತ್ತಾಳೆಯ ಸಣ್ಣ ತೂತು) ತೆಗೆದು ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ, ಸ್ವಚ್ಛವಾಗಿ ಕಾಣಬೇಕು. ಕಟ್ಟಿದ್ದರೆ ಕ್ಲೀನರ್ ಬಿಟ್ಟು ಗಾಳಿ ಹಾಯಿಸಿ. ತಂತಿಯಿಂದ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ರಂಧ್ರ ಕೂದಲಿನಷ್ಟು ಅಗಲವಾದರೂ ಅಳತೆ ಕೆಡುತ್ತದೆ. ದೊಡ್ಡ ಜೆಟ್ ಹಾಕಿದರೆ ಶಕ್ತಿ ಬರುತ್ತದೆ ಎಂಬುದೂ ಭ್ರಮೆ. ಮೂಲ ಅಳತೆಯ ಜೆಟ್ಟೇ ಇರಲಿ.

ಸ್ಲೈಡಿಗೆ ತೂಗುಬಿದ್ದ ಸೂಜಿಯ ಮೇಲೆ ಸಣ್ಣ ಕ್ಲಿಪ್ ಇರುತ್ತದೆ. ಅದನ್ನು ಸೂಜಿಯ ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೇರಿ ಅರ್ಧ ರೇಸಿನಲ್ಲಿ ಪೆಟ್ರೋಲ್ ತುಸು ಹೆಚ್ಚಾಗುತ್ತದೆ. ಮೇಲೆ ಹಾಕಿದರೆ ಕಡಿಮೆಯಾಗುತ್ತದೆ. ಪ್ಲಗ್ ಬೆಳ್ಳಗಿದ್ದು, ಗಾಳಿ ಎಲ್ಲಿಂದಲೂ ಸೋರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಒಂದು ಕಚ್ಚು ಬದಲಿಸಿ ನೋಡಿ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆ ಸಡಿಲವಾಗಿದ್ದರೆ, ಅದರ ಗ್ಯಾಸ್ಕೆಟ್ ಹರಿದಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ರೀಡ್ ವಾಲ್ವ್ (ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪಟ್ಟಿ) ಇರುವ ಮಾದರಿಯಾದರೆ ಪಟ್ಟಿಯ ತುದಿ ಚಿಪ್ಪೆದ್ದಿದೆಯೇ, ಬಾಗಿದೆಯೇ ನೋಡಿ.

ಹಂತ 8: ಕ್ಲಚ್

ಎಕ್ಸೆಲ್‌ನದು ತಾನಾಗಿ ಹಿಡಿಯುವ ಕ್ಲಚ್. ಎಂಜಿನ್ ವೇಗ ಹೆಚ್ಚಿದಂತೆ ಶೂಗಳು ಹೊರಚಿಮ್ಮಿ ಡ್ರಮ್ಮನ್ನು ಹಿಡಿಯುತ್ತವೆ. ಶೂ ಸವೆದರೆ ಹಿಡಿತವಿಲ್ಲದೆ ಎಂಜಿನ್ ಬರೀ ಕೂಗುತ್ತದೆ, ಸುಟ್ಟ ವಾಸನೆಯೂ ಬರಬಹುದು. ಕ್ಲಚ್ ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಜಾತಿಯದು. ಹೀಗಾಗಿ ಗೇರ್ ಆಯಿಲ್ ಬದಲಿಗೆ ಕೈಗೆ ಸಿಕ್ಕ ಎಣ್ಣೆ ಹಾಕಿದರೂ ಜಾರಲು ಶುರುವಾಗುತ್ತದೆ. ಮೊದಲು ಕೈಪಿಡಿ ಹೇಳಿದ ಎಣ್ಣೆ ಬದಲಿಸಿ ನೋಡಿ, ಆಮೇಲೆ ಶೂ. ಇದಕ್ಕೆ ಪುಲ್ಲರ್ (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಾಧನ) ಬೇಕು, ಅನುಭವ ಬೇಕು. ಇಲ್ಲಿ ಮೆಕ್ಯಾನಿಕ್ ಬಳಿ ಹೋಗುವುದೇ ಜಾಣತನ.

ಭಾರವೇ ನಿಮ್ಮ ನಿತ್ಯದ ಕೆಲಸವಾಗಿದ್ದರೆ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲಿನ ಚಕ್ರ) ಬಗ್ಗೆಯೂ ಕೇಳುತ್ತೀರಿ. ಮುಂದಿನ ಸ್ಪ್ರಾಕೆಟ್‌ನಲ್ಲಿ ಹಲ್ಲು ಕಡಿಮೆಯಾದರೆ ಎಳೆತ ಹೆಚ್ಚುತ್ತದೆ, ಅಷ್ಟೇ ಪ್ರಮಾಣದಲ್ಲಿ ವೇಗ ಇಳಿಯುತ್ತದೆ. ಉದಾಹರಣೆಗೆ 12 ಹಲ್ಲಿನ ಜಾಗದಲ್ಲಿ 11 ಹಾಕಿದರೆ ಎಳೆತ ಶೇ. 9ರಷ್ಟು ಏರುತ್ತದೆ, ವೇಗ ಶೇ. 8ರಷ್ಟು ತಗ್ಗುತ್ತದೆ. ಎಂಜಿನ್ ಶಕ್ತಿ ಮಾತ್ರ ಇದ್ದಷ್ಟೇ. ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಇದು ಬೇಡ. ಹೊಲ ಮತ್ತು ಊರಿನ ನಡುವೆ ಓಡಾಡುವವರಿಗೆ, ನಿಮ್ಮ ಮಾದರಿಗೆ ಅಂಥ ಸ್ಪ್ರಾಕೆಟ್ ಸಿಕ್ಕರೆ, ಯೋಚಿಸಬಹುದು.

ಹಂತ 9: ಕಂಪ್ರೆಶನ್ ನೋಡಿ, ಆಮೇಲೆ ಬೋರ್ ಮಾತು

ಇಲ್ಲಿಯವರೆಗಿನದೆಲ್ಲ ಮಾಡಿಯೂ ಅದೇ ಕಂಬದ ಹತ್ತಿರ ಗಾಡಿ ಸೋತರೆ ಈಗ ಎಂಜಿನ್ ಒಳಗೆ ನೋಡುವ ಸಮಯ. ಎಂಜಿನ್ ಬಿಸಿ ಮಾಡಿ, ಪ್ಲಗ್ ತೆಗೆದು ಅದರ ಜಾಗದಲ್ಲಿ ಗೇಜ್ ಕೂಡಿಸಿ. ತೆಗೆದ ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಪ್ಲಗ್ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಡಿ, ಇಲ್ಲದಿದ್ದರೆ ಕಾಯಿಲ್ ಸುಡಬಹುದು. ರೇಸ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಿ. ಇಂಥ ಸಣ್ಣ ಟೂ-ಸ್ಟ್ರೋಕ್‌ಗಳಲ್ಲಿ 100 ಪಿಎಸ್‌ಐ ದಾಟಿದರೆ ಸಾಮಾನ್ಯವಾಗಿ ಗಾಬರಿ ಬೇಕಿಲ್ಲ. ಅದಕ್ಕಿಂತ ಬಹಳ ಕೆಳಗಿದ್ದರೆ ಪ್ಲಗ್ ರಂಧ್ರದಿಂದ ಒಂದು ಚಹಾ ಚಮಚ ಟೂಟಿ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಎದ್ದು ಕಾಣುವಷ್ಟು ಮೇಲೇರಿದರೆ ರಿಂಗ್, ಸಿಲಿಂಡರ್ ಸವೆದಿವೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಹೆಡ್ಡಿನ ಸುತ್ತ ಸೋಪಿನ ನೀರು ಬಿಟ್ಟು ಕಿಕ್ ಮಾಡಿದರೆ ಗುಳ್ಳೆ ಏಳುತ್ತದೆ.

ಗೇಜ್ ಸರಿಯಾಗಿ ತೋರಿಸಿಯೂ ಶಕ್ತಿಯಿಲ್ಲವೇ? ಕ್ರ್ಯಾಂಕಿನ ಆಯಿಲ್ ಸೀಲ್ ನೋಡಿಸಿ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಒಳನುಗ್ಗಿ, ರೇಸ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ತಾನಾಗಿ ಕಡಿಮೆಯಾಗುತ್ತದೆ. ಈ ಲಕ್ಷಣ ಇರುವಾಗ ಬೋರ್ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದಂತೆ.

ಬೋರ್ ಮಾಡಿಸುವುದೇ ನಿಶ್ಚಯವಾದರೆ ಸಿಲಿಂಡರನ್ನು ಒಳ್ಳೆಯ ಯಂತ್ರವಿರುವಲ್ಲಿಗೆ ಒಯ್ಯಿರಿ. ಬೆಳಗಾವಿಯ ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶ ಹತ್ತಿರವಿರುವವರಿಗೆ ಇದು ಕಷ್ಟವಲ್ಲ. ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಬೋರ್. 0.25, 0.50 ಮಿಲಿಮೀಟರ್ ಹೀಗೆ ದೊಡ್ಡ ಅಳತೆಯ ಪಿಸ್ಟನ್‌ಗಳು ಬರುತ್ತವೆ. ಕೈಯಲ್ಲಿರುವ ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಕೊರೆಯಬೇಕು. ಸವೆತ ಎಷ್ಟಿದೆಯೋ ಅದಕ್ಕೆ ಸಾಲುವ ಅತಿ ಚಿಕ್ಕ ಅಳತೆಯನ್ನೇ ಆರಿಸಿ, ಮುಂದಿನ ಸಲಕ್ಕೆ ಗೋಡೆ ಉಳಿಯಲಿ. ಪೋರ್ಟಿನ ಅಂಚುಗಳನ್ನು ತುಸು ಮಟ್ಟ ಮಾಡಿಸಲು ಮರೆಯಬೇಡಿ, ಚೂಪಾಗಿ ಉಳಿದರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಜೋಡಿಸುವಾಗ ಪಿಸ್ಟನ್ ನೆತ್ತಿಯ ಬಾಣದ ಗುರುತು ಎಗ್ಸಾಸ್ಟ್ ಕಡೆಗಿರಲಿ. ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನೊಳಗಿನ ಪಿನ್ನಿಗೆ ಸರಿಯಾಗಿ ಕೂತಿರಲಿ. ಪಿಸ್ಟನ್ ಪಿನ್ ಹೊರಬರದಂತೆ ತಡೆಯುವ ಸರ್ಕ್ಲಿಪ್ ಹೊಸದೇ ಇರಲಿ. ಸಡಿಲವಾದ ಹಳೆಯ ಕ್ಲಿಪ್ ಹಾರಿದರೆ ಹೊಸ ಬೋರ್ ಅದೇ ದಿನ ಕೆಡುತ್ತದೆ. ರಿಂಗನ್ನು ಬರಿಯ ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ನಿನಿಂದ ಸಮವಾಗಿ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ ಹಾಕಿ ನೋಡಿ. ಹೊಸದರಲ್ಲಿ ಸುಮಾರು 0.2 ಮಿಲಿಮೀಟರ್ ಇರಬೇಕು. ತೀರಾ ಕೂಡಿಕೊಂಡಿದ್ದರೆ ಬಿಸಿಯಾದಾಗ ರಿಂಗ್ ಹಿಗ್ಗಿ ಸಿಲಿಂಡರನ್ನು ಗೀರುತ್ತದೆ.

ಮೊದಲ 500 ಕಿಲೋಮೀಟರ್ ಭಾರ ಹೇರಬೇಡಿ. ಒಂದೇ ವೇಗದಲ್ಲಿ ಎಳೆಯದೆ ರೇಸ್ ಏರಿಳಿಸುತ್ತ ಓಡಿಸಿ, ದೀರ್ಘ ಏರಿನಲ್ಲಿ ನಡುವೆ ನಿಲ್ಲಿಸಿ ತಣಿಸಿ. ಸುಗ್ಗಿಯ ನಡುವೆ ಬೋರ್ ಮಾಡಿಸಿ ಮರುದಿನವೇ ನಾಲ್ಕು ಚೀಲ ಹೇರುವವರು ಇನ್ನೊಂದು ಪಿಸ್ಟನ್ ಕೊಳ್ಳಲು ಸಿದ್ಧರಿರಬೇಕು.

ಕಾಗದಪತ್ರದ ವಿಷಯ

ಈ ಗಾಡಿಗಳಲ್ಲಿ ಹಲವುಗಳ 15 ವರ್ಷದ ನೋಂದಣಿ ಮುಗಿದಿದೆ ಅಥವಾ ಮುಗಿಯುತ್ತ ಬಂದಿದೆ. ದೊಡ್ಡ ಖರ್ಚು ಮಾಡುವ ಮೊದಲು ಆರ್‌ಸಿ ತೆಗೆದು ದಿನಾಂಕ ನೋಡಿ. ನವೀಕರಣ ಐದು ವರ್ಷಕ್ಕೆ ಸಿಗುತ್ತದೆ, ಅದಕ್ಕೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಬೇಕಾಗುತ್ತದೆ. ಎಂಜಿನ್ ತೀರಾ ಹೋಗಿದೆ ಎಂದು ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಕೂಡಿಸುವ ಆಲೋಚನೆ ಇದ್ದರೆ ಮೊದಲು ಅದರ ಮಾರಾಟದ ರಸೀದಿ, ಮೂಲ ಗಾಡಿಯ ದಾಖಲೆ ಕೇಳಿ ಪಡೆಯಿರಿ. ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ಬರೆಸದೆ ಓಡಿಸಿದರೆ ತಪಾಸಣೆಯಲ್ಲಿ ಅದು ಕಳವಿನ ಎಂಜಿನ್ ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮ ತಲೆಗೇ ಬರುತ್ತದೆ.